ಡಾಲರ್ ಬರುವ ಮೊದಲು ಖಾತೆ ಯಾರದ್ದು ಕೇಳಿ

ಪ್ರಶ್ನೆ: ಅಮೆರಿಕ ಸರ್ಕಾರದ ವಿನಿಮಯ ಕಾರ್ಯಕ್ರಮದಲ್ಲಿ ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ವರ್ಷ ಓದಿ ಬಂದಿದ್ದೇನೆ. ಹೀಗೆ ಹೋಗಿಬಂದವರು ತಂಡ ಕಟ್ಟಿ ಅರ್ಜಿ ಹಾಕಿದರೆ ಅನುದಾನ ಸಿಗುತ್ತದಂತೆ. ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮೂರ ಹುಡುಗ ಹುಡುಗಿಯರಿಗೆ ಕೌಶಲ ತರಬೇತಿ ಕೊಡುವ ಆಸೆ. ಮೂವರು ಗೆಳತಿಯರು ಸೇರಿ ಟ್ರಸ್ಟ್ ಮಾಡಿದ್ದೇವೆ, ನೋಂದಣಿಯಾಗಿ ಎಂಟು ತಿಂಗಳಾಯಿತು. ಹಣ ಟ್ರಸ್ಟಿನ ಖಾತೆಗೇ ಬರಬಹುದೇ? ಪರಿಚಯದ ದೊಡ್ಡ ಸಂಸ್ಥೆಯೊಂದು ‘ನಮ್ಮ ಖಾತೆಗೆ ತರಿಸಿ, ನಿಮಗೆ ವರ್ಗಾಯಿಸುತ್ತೇವೆ’ ಎನ್ನುತ್ತಿದೆ.
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಅರ್ಜಿ ಹಾಕುವವರಲ್ಲಿ ಹೆಚ್ಚಿನವರು ಈ ಪ್ರಶ್ನೆಯನ್ನು ಹಣ ಮಂಜೂರಾದ ಮೇಲೆ ಕೇಳುತ್ತಾರೆ. ನೀವು ಮೊದಲೇ ಕೇಳಿದ್ದೀರಿ, ಅರ್ಧ ಕೆಲಸ ಆಯಿತು.

ನೀವು ಹೇಳುತ್ತಿರುವುದು 2011ರಿಂದ ನಡೆದುಬಂದಿರುವ ‘ಅಲುಮ್ನೈ ಎಂಗೇಜ್‌ಮೆಂಟ್ ಇನ್ನೋವೇಶನ್ ಫಂಡ್’. ಇತ್ತೀಚಿನ ವರ್ಷಗಳಲ್ಲಿ ಒಂದು ಯೋಜನೆಗೆ 35 ಸಾವಿರ ಡಾಲರ್‌ವರೆಗೆ, ಅಂದರೆ ಹೆಚ್ಚುಕಮ್ಮಿ 30 ಲಕ್ಷ ರೂಪಾಯಿ ಕೊಟ್ಟಿದ್ದಾರೆ. ಕೊಡುವುದು ವಿದೇಶಿ ಸರ್ಕಾರ. ಆದ್ದರಿಂದ ನಮ್ಮಲ್ಲಿ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಲ್ಲರ ಬಾಯಲ್ಲಿ ಎಫ್‌ಸಿಆರ್‌ಎ, ಅಡ್ಡ ನಿಲ್ಲುತ್ತದೆ. ಐದು ವರ್ಷದ ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಎಂಟು ತಿಂಗಳ ಟ್ರಸ್ಟಿಗೆ ಆ ಬಾಗಿಲು ಸದ್ಯಕ್ಕಿಲ್ಲ. ‘ಹಾಗಾದರೆ ನನ್ನ ಉಳಿತಾಯ ಖಾತೆಗೆ ಬರಲಿ’ ಎಂದೂ ಹೊರಡಬೇಡಿ; ಕಾಯ್ದೆಯ ಲೆಕ್ಕದಲ್ಲಿ ‘ವ್ಯಕ್ತಿ’ ಎಂದರೆ ಒಂಟಿ ಮನುಷ್ಯರೂ ಸೇರುತ್ತಾರೆ.

ದೊಡ್ಡ ಸಂಸ್ಥೆಯ ಮಾತಿಗೆ ಮರುಳಾಗಬೇಡಿ. 2020ರ ತಿದ್ದುಪಡಿಗೆ ಮೊದಲು ಒಂದು ನೋಂದಾಯಿತ ಸಂಸ್ಥೆ ಇನ್ನೊಂದಕ್ಕೆ ಹಣ ದಾಟಿಸುವುದಕ್ಕೆ ದಾರಿಯಿತ್ತು. ಈಗ ಪೂರ್ತಿ ನಿಷಿದ್ಧ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಸಿಕ್ಕಿಬೀಳುವವರು ನೀವಿಬ್ಬರೂ. ಸರಿಯಾದ ದಾರಿಗಳು ಎರಡು. ಒಂದು, ಆ ಸಂಸ್ಥೆಯೇ ಅರ್ಜಿದಾರ ಆಗಲಿ, ಹಣ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅವರ ಖಾತೆಗೆ ಬರಲಿ, ಖರ್ಚೂ ಅವರ ಪುಸ್ತಕದಲ್ಲೇ ಬೀಳಲಿ; ನೀವು ಯೋಜನೆಯ ರೂವಾರಿಗಳಾಗಿ ಕೆಲಸ ನಡೆಸಿ. ಎರಡು, ನಿಮ್ಮ ಟ್ರಸ್ಟಿಗೆ ಈ ಒಂದೇ ಅನುದಾನಕ್ಕೆಂದು ಗೃಹ ಸಚಿವಾಲಯದಿಂದ ಪೂರ್ವಾನುಮತಿ ಪಡೆಯಿರಿ. ಇದಕ್ಕೆ ಕೊಡುವವರ ಬದ್ಧತಾ ಪತ್ರ ಬೇಕು. ಸಾಮಾನ್ಯವಾಗಿ 90 ದಿನ ಎನ್ನುತ್ತದೆ ಕಾಯ್ದೆ. ನೀವು ಅದಕ್ಕಿಂತ ಉದ್ದದ ಲೆಕ್ಕ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಮೊದಲ ದಾರಿ. ಎರಡರಲ್ಲಿ ಯಾವುದಾದರೂ ಸರಿ, ಎಫ್‌ಸಿಆರ್‌ಎ ಗೊತ್ತಿರುವ ಲೆಕ್ಕಪರಿಶೋಧಕರ ಎದುರು ಕಾಗದ ಹರಡಿ ಕುಳಿತ ಮೇಲೇ ಅರ್ಜಿಗೆ ಕೈ ಹಾಕಿ.

ಪ್ರಶ್ನೆ: ನಮ್ಮ ತಂದೆ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದರು. ನಾನೂ ಸ್ನೇಹಿತರೂ ವಿನಿಮಯ ಕಾರ್ಯಕ್ರಮಕ್ಕೆ ಹೋಗಿಬಂದವರು. ಹರಿಹರದಲ್ಲಿ 500 ಯುವಕರಿಗೆ ಎರಡು ದಿನದ ‘ವ್ಯಕ್ತಿತ್ವ ವಿಕಸನ ಮತ್ತು ನಾಯಕತ್ವ ಶಿಬಿರ’ ಮಾಡುವ ಯೋಜನೆ ಬರೆದಿದ್ದೇವೆ. ಹದಿನೈದು ಕಂಪ್ಯೂಟರ್, ಊಟ, ಕಿಟ್‌ಬ್ಯಾಗ್, ಗೆದ್ದವರಿಗೆ ಬಹುಮಾನ, ಅಭ್ಯರ್ಥಿಗಳಿಂದ ತಲಾ 200 ರೂಪಾಯಿ ಶುಲ್ಕ. ಅಭಿಪ್ರಾಯ ತಿಳಿಸಿ.
– ಓದುಗರು, ಹರಿಹರ

ಉತ್ತರ: ಕಂಪ್ಯೂಟರ್ ತೆಗೆಯಿರಿ, ಬಹುಮಾನ ತೆಗೆಯಿರಿ, ಶುಲ್ಕವನ್ನಂತೂ ಮೊದಲು ತೆಗೆಯಿರಿ. ಬಾಳಿಕೆಯ ದೊಡ್ಡ ಸಾಮಾನು, ಉಡುಗೊರೆ, ಕಾಯಂ ಸಿಬ್ಬಂದಿಯ ಸಂಬಳ, ಕಚೇರಿ ಬಾಡಿಗೆ, ಅಭ್ಯರ್ಥಿಗಳಿಂದ ಹಣ ವಸೂಲಿ: ಇವೆಲ್ಲ ಈ ನಿಧಿಯ ನಿಷೇಧದ ಪಟ್ಟಿಯಲ್ಲಿವೆ. ಅತಿಯಾದ ಊಟೋಪಚಾರವೂ ಸೇರಿದೆ, ಆದ್ದರಿಂದ ಬೆಣ್ಣೆ ದೋಸೆ ನಿಮ್ಮ ಕೈಯಿಂದಲೇ ಆಗಲಿ.

ಉಳಿದದ್ದು ಶಿಬಿರ. ಎರಡು ದಿನದಲ್ಲಿ 500 ಜನಕ್ಕೆ ಆಗುವುದು ಭಾಷಣ, ಫೋಟೊ, ಪ್ರಮಾಣಪತ್ರ ಅಷ್ಟೆ. ನಿಮ್ಮೂರಿಗೆ ಏನು ಬೇಕು ಎನ್ನುವುದನ್ನು ನಿಮ್ಮ ಅರ್ಜಿಯಲ್ಲಿ ಎಲ್ಲೂ ಕಾಣಲಿಲ್ಲ. ಹರಿಹರದ ಹೆಸರು ಅಳಿಸಿ ಬೇರೆ ಯಾವ ಊರಿನ ಹೆಸರು ಬರೆದರೂ ನಡೆಯುತ್ತದೆ. ಪರಿಶೀಲಿಸುವವರು ಇಂಥವನ್ನು ರಾಶಿಗಟ್ಟಲೆ ನೋಡಿರುತ್ತಾರೆ.

ನಿಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿ ಕಥೆಯಿದೆ. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಆ ಕಾರ್ಖಾನೆ ಲೇಥ್ ಮಾಡಿ ದೇಶಕ್ಕೆಲ್ಲ ಕಳಿಸಿತು. ಈ ಶತಮಾನದ ಆರಂಭಕ್ಕೆ ಬಾಗಿಲು ಹಾಕಿತು. ಕೈಕಸುಬು ಮಾತ್ರ ಊರು ಬಿಡಲಿಲ್ಲ, ಸಣ್ಣ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಉಳಿಯಿತು. ಯಂತ್ರದ ಕೆಲಸ ಕಲಿಸಲು ಹರಿಹರದಲ್ಲೇ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ, ಐಟಿಐಗಳಿವೆ. ಅದನ್ನೇ ನೀವೂ ಮಾಡಹೊರಟರೆ ‘ಇರುವುದನ್ನೇ ಮತ್ತೆ ಯಾಕೆ’ ಎಂದು ಅರ್ಜಿ ಬದಿಗಿಡುತ್ತಾರೆ. ವರ್ಕ್‌ಶಾಪ್ ಮಾಲೀಕರ ಹತ್ತಿರ ಹೋಗಿ ಕೂತು ಕೇಳಿ: ಮೂರು ವರ್ಷ ಅನುಭವದ ಹುಡುಗ ಎಲ್ಲಿ ತಡವರಿಸುತ್ತಾನೆ? ಮೈಕ್ರೋಮೀಟರ್ ಹಿಡಿದರೆ ಕೈ ನಡುಗುವುದಿಲ್ಲ. ಪುಣೆಯ ಗ್ರಾಹಕ ಕೊಟೇಶನ್ ಕೇಳಿದರೆ? ಒಂದು ಬಿಡಿಭಾಗಕ್ಕೆ ಕಚ್ಚಾ ಮಾಲು, ಯಂತ್ರದ ಗಂಟೆ, ವೇಸ್ಟೇಜ್ ಸೇರಿಸಿ ಎಕ್ಸೆಲ್‌ನಲ್ಲಿ ದರ ಕಟ್ಟುವುದು, ಮಾಲು ವಾಪಸ್ ಬಂದಾಗ ಜಗಳವಾಡದೆ ಇಮೇಲ್ ಬರೆಯುವುದು, ಜಿಎಸ್‌ಟಿ ಬಿಲ್ ಓದುವುದು. ಕೊರತೆ ಇಲ್ಲಿರಬಹುದು ಎಂಬುದು ನನ್ನ ಊಹೆ. ಮಾಲೀಕರು ಬೇರೆಯೇ ಹೇಳಿದರೆ ಅವರದ್ದನ್ನೇ ಬರೆಯಿರಿ.

ಆಮೇಲೆ 500ನ್ನು 30ಕ್ಕೆ ಇಳಿಸಿ, ಎರಡು ದಿನವನ್ನು ಹನ್ನೆರಡು ಭಾನುವಾರಗಳಿಗೆ ಹಿಗ್ಗಿಸಿ. ಕಂಪ್ಯೂಟರ್ ಕೊಳ್ಳುವ ಬದಲು ಯಾವುದಾದರೂ ಪಾಲಿಟೆಕ್ನಿಕ್ಕಿನ ಲ್ಯಾಬ್ ಭಾನುವಾರಕ್ಕೆ ಕೇಳಿ. ದಾವಣಗೆರೆ ಕೇವಲ 14 ಕಿಲೋಮೀಟರ್. ಪ್ರಾಂಶುಪಾಲರ ಒಪ್ಪಿಗೆ ಪತ್ರ ಅರ್ಜಿಗೆ ಲಗತ್ತಿಸಿದರೆ ಅದಕ್ಕೆ ಬೆಲೆ ಬರುತ್ತದೆ. ಮೊದಲ ಭಾನುವಾರ ಎಲ್ಲರ ಕೈಲೂ ಒಂದು ಕೊಟೇಶನ್ ಬರೆಸಿ ಎತ್ತಿಡಿ. ಕೊನೆಯ ಭಾನುವಾರ ಮತ್ತೆ ಅದನ್ನೇ ಬರೆಸಿ. ಎರಡು ಕಾಗದ ಪಕ್ಕಪಕ್ಕ ಇಟ್ಟರೆ ನಿಮ್ಮ ವರದಿಯ ಮುಕ್ಕಾಲು ಪಾಲು ಮುಗಿಯಿತು.

ಪ್ರಶ್ನೆ: ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಉಪನ್ಯಾಸಕ, ಫುಲ್‌ಬ್ರೈಟ್ ಕಾರ್ಯಕ್ರಮಕ್ಕೆ ಹೋಗಿಬಂದವನು. ತಂಡದ ಮುಖ್ಯಸ್ಥನಾಗಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಹಣ ಪಡೆಯುವ ಸ್ಥಾನದಲ್ಲಿ ನಿಮ್ಮ ಹೆಸರು ಇರಕೂಡದು. ಎಫ್‌ಸಿಆರ್‌ಎ 3ನೇ ಕಲಂ ಪ್ರಕಾರ ಸರ್ಕಾರಿ ನೌಕರರು ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಪಾಠ ಮಾಡಿ, ಪಠ್ಯ ಸಿದ್ಧಪಡಿಸಿ, ಆದರೆ 2021ರ ನಡತೆ ನಿಯಮಗಳನ್ನು ನೋಡಿಕೊಂಡು ಇಲಾಖೆಯ ಲಿಖಿತ ಅನುಮತಿ ಪಡೆದ ಮೇಲೆ. ಗೌರವಧನದ ಆಸೆ ಬಿಟ್ಟುಬಿಡಿ. ಅಂದಹಾಗೆ ಅದೇ ಕಲಮಿನಲ್ಲಿ ಶಾಸಕರು, ಚುನಾವಣಾ ಅಭ್ಯರ್ಥಿಗಳು, ಪತ್ರಿಕೆಯ ಅಂಕಣಕಾರರೂ ಇದ್ದಾರೆ. ಹಾಗಾಗಿ ನನ್ನನ್ನೂ ತಂಡಕ್ಕೆ ಕರೆಯಬೇಡಿ.

ಪ್ರಶ್ನೆ: ಒಬ್ಬರು ‘ಪ್ರಪೋಸಲ್ ಬರೆದುಕೊಡುತ್ತೇನೆ, ಮಂಜೂರಾದರೆ ಶೇಕಡಾ 10 ಕೊಡಿ, ಅಮೆರಿಕದ ನೋಂದಣಿಗೆ ಈಗ 20 ಸಾವಿರ’ ಎನ್ನುತ್ತಾರೆ. ನಾನು ಕೆಲಸ ಬಿಟ್ಟು ಪೂರ್ಣಾವಧಿ ಇದಕ್ಕೇ ಇಳಿಯಬೇಕೆಂದಿದ್ದೇನೆ.
– ಓದುಗರು, ನಿಟ್ಟುವಳ್ಳಿ

ಉತ್ತರ: ಅನುದಾನ ಪಡೆಯುವ ಸಂಸ್ಥೆಗೆ ಬೇಕಾದ ಗುರುತಿನ ಸಂಖ್ಯೆ, ಅಂದರೆ ಯುಇಐ, ಅಮೆರಿಕ ಸರ್ಕಾರದ ಸ್ಯಾಮ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಆ 20 ಸಾವಿರ ಎಲ್ಲಿಗೆ ಹೋಗುತ್ತದೆ ಎಂದು ಅವರನ್ನೇ ಕೇಳಿ. ಶೇಕಡಾ 10ನ್ನು ಬಜೆಟ್ಟಿನಲ್ಲಿ ತೋರಿಸಲು ಬರುವುದಿಲ್ಲ, ತೋರಿಸದೆ ಕೊಟ್ಟರೆ ಲೆಕ್ಕಪರಿಶೋಧನೆಯಲ್ಲಿ ಉತ್ತರ ಹೇಳಬೇಕಾದವರು ನೀವು.

ಕೆಲಸ ಬಿಡಬೇಡಿ. 2025ರ ಆರಂಭದಲ್ಲಿ ಅಮೆರಿಕದ ಹೊಸ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿದಾಗ ವಿನಿಮಯ ಕಾರ್ಯಕ್ರಮಗಳ ಹಣವೂ ಕೆಲಕಾಲ ನಿಂತಿತ್ತು. ಈ ಅನುದಾನ ಪ್ರತಿ ವರ್ಷ ಹೊಸದಾಗಿ ಪ್ರಕಟವಾಗಬೇಕು, ಪ್ರಕಟವಾದರೂ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕರೂ ಅದರಿಂದ ನಿಮಗೆ ಕಾಯಂ ಸಂಬಳ ತೆಗೆದುಕೊಳ್ಳಲು ಬರುವುದಿಲ್ಲ. ಇದಕ್ಕೆ ಭಾನುವಾರಗಳು ಸಾಕು.