ಮಗು ಕಲಿತದ್ದೆಷ್ಟು, ಶಾಲೆ ಕಲಿಸಿದ್ದೆಷ್ಟು?

ಪುಟ್ಟ ಮಕ್ಕಳ ಶಾಲೆ ಮತ್ತು ಅಂಗನವಾಡಿಗಳ ಗುಣಮಟ್ಟ ಅಳೆಯುವ ಬಗ್ಗೆ ಬೆಂಗಳೂರಿನ ಪಶ್ಚಿಮ ಬಡಾವಣೆಗಳಿಂದ ಬಂದ ಪತ್ರಗಳಿಗೆ ಶಿಶುಶಿಕ್ಷಣ ತಜ್ಞರ ಉತ್ತರ.

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ. ಮನೆ ಹತ್ತಿರದ ಎರಡು ಪ್ರೀ-ಸ್ಕೂಲ್ ನೋಡಿ ಬಂದೆವು. ಒಂದರಲ್ಲಿ ಎಲ್‌ಕೆಜಿ ಮುಗಿಯುವಷ್ಟರಲ್ಲಿ ನೂರರವರೆಗೆ ಬರೆಸುತ್ತಾರಂತೆ. ಇನ್ನೊಂದರಲ್ಲಿ ಕೇಳಿದರೆ ಆಟ, ಕಥೆ, ಹಾಡು ಅಂತಾರೆ. ನಮ್ಮತ್ತೆಗೆ ಮೊದಲನೆಯದೇ ಇಷ್ಟ. ಏನು ನೋಡಿ ತೀರ್ಮಾನ ಮಾಡಲಿ?
— ಒಬ್ಬ ತಾಯಿ, ಬಸವೇಶ್ವರನಗರ

ಉತ್ತರ: ಅಡ್ಮಿಷನ್ ದಿನ ತೋರಿಸುವ ನೋಟ್‌ಬುಕ್ ಬದಿಗಿಡಿ. ಪಾಠ ನಡೆಯುವ ಹೊತ್ತಿನಲ್ಲಿ ಒಂದು ಗಂಟೆ ತರಗತಿಯ ಹಿಂದೆ ಕೂರಲು ಅನುಮತಿ ಕೇಳಿ. ಹೆಚ್ಚು ಮಾತಾಡುವವರು ಟೀಚರಾ, ಮಕ್ಕಳಾ? ಮಗು ಕನ್ನಡದಲ್ಲೋ ತೆಲುಗಿನಲ್ಲೋ ಏನಾದರೂ ಹೇಳಿದರೆ ಕೇಳಿಸಿಕೊಳ್ಳುತ್ತಾರಾ, ಇಂಗ್ಲಿಷಿನಲ್ಲೇ ಹೇಳು ಅಂತ ಬಾಯಿ ಮುಚ್ಚಿಸುತ್ತಾರಾ? ಆಟದ ಸಾಮಾನು ಮಕ್ಕಳ ಕೈಗೆ ಸಿಗುತ್ತದೆಯಾ, ಬೀರುವಿನೊಳಗೆ ಬೀಗ ಹಾಕಿಕೊಂಡಿದೆಯಾ? ಅಳುವ ಮಗುವಿನ ಹತ್ತಿರ ಯಾರಾದರೂ ಹೋಗುತ್ತಾರಾ?

2017ರಲ್ಲಿ ಹೊರಬಂದ ಭಾರತದ ದೊಡ್ಡ ಅಧ್ಯಯನವೊಂದು ರಾಜಸ್ಥಾನ, ಅಸ್ಸಾಂ ಮತ್ತು ಅಧ್ಯಯನ ಶುರುವಾದಾಗ ಇನ್ನೂ ಒಂದಾಗಿದ್ದ ಆಂಧ್ರದ ಸುಮಾರು 14,000 ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಎಂಟರವರೆಗೆ ಹಿಂಬಾಲಿಸಿತು. ಐದು ತುಂಬಿದರೂ ಬಹಳಷ್ಟು ಮಕ್ಕಳು ಒಂದನೇ ಕ್ಲಾಸಿಗೆ ಸಿದ್ಧರಿರಲಿಲ್ಲ. ಖಾಸಗಿ ಶಾಲೆಗಳಲ್ಲಿ ಸಂಶೋಧಕರು ಕಂಡದ್ದು ಹೆಚ್ಚಾಗಿ ಬರೆಸುವುದು, ಬಾಯಿಪಾಠ ಮಾಡಿಸುವುದು. ವಯಸ್ಸಿಗೆ ತಕ್ಕ ಆಟ, ಚಟುವಟಿಕೆ ಇದ್ದ ಕಡೆ ಮಕ್ಕಳ ತಯಾರಿ ಚೆನ್ನಾಗಿತ್ತು.

ಅತ್ತೆಯವರ ಮುಂದೆ ಒಂದು ಪರೀಕ್ಷೆ ಮಾಡಿ. ನೂರರವರೆಗೆ ಬರೆಯುವ ಮಗುವಿನೆದುರು ಒಂದು ಹಿಡಿ ಕಡಲೆಬೀಜ ಸುರಿದು, ಏಳು ಎಣಿಸಿ ಕೊಡು ಅನ್ನಿ. ಏಳಕ್ಕೆ ನಿಲ್ಲಿಸಿದರೆ ಅದಕ್ಕೆ ಸಂಖ್ಯೆ ಗೊತ್ತು. ಇಲ್ಲದಿದ್ದರೆ ಕೈಗೆ ಬರೆದು ಅಭ್ಯಾಸವಾಗಿದೆ, ಅಷ್ಟೆ.

ಪ್ರಶ್ನೆ: ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಪ್ರೀ-ಸ್ಕೂಲಿಗೆ ಹೋದವರು, ಹೋಗದವರು ಎಲ್ಲ ಒಂದೇ ಆಗುತ್ತಾರೆ ಅಂತ ಆಫೀಸಿನಲ್ಲಿ ಹೇಳಿದರು. ಹಾಗಾದರೆ ಇಷ್ಟು ಫೀಸು ಯಾಕೆ ಕಟ್ಟಬೇಕು?
— ಒಬ್ಬ ತಂದೆ, ನಾಗರಬಾವಿ

ಉತ್ತರ: ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಇಪ್ಸಿಲಾಂಟಿ ಊರಿನಲ್ಲಿ 1962ರಿಂದ ಬಡ ಕುಟುಂಬದ 123 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಪೆರ್ರಿ ಪ್ರೀ-ಸ್ಕೂಲ್ ಕೊಟ್ಟರು. ಬುದ್ಧಿಮತ್ತೆ ಪರೀಕ್ಷೆಯಲ್ಲಿ ಸಿಕ್ಕ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ನಲವತ್ತನೇ ವಯಸ್ಸಿನಲ್ಲಿ ಲೆಕ್ಕ ಹಾಕಿದಾಗ ಪ್ರೀ-ಸ್ಕೂಲಿಗೆ ಹೋದ ಗುಂಪಿನವರ ಸಂಪಾದನೆ ಹೆಚ್ಚಿತ್ತು, ಪೊಲೀಸ್ ಕೇಸು ಕಡಿಮೆಯಿತ್ತು. ಇನ್ನೊಂದು ಕಡೆ, ಟೆನೆಸೀ ರಾಜ್ಯ ಸರ್ಕಾರದ ಪ್ರೀ-ಸ್ಕೂಲಿಗೆ ಲಾಟರಿಯಲ್ಲಿ ಸೀಟು ಸಿಕ್ಕ ಮಕ್ಕಳು ಆರನೇ ತರಗತಿಗೆ ಬಂದಾಗ ಸೀಟು ಸಿಗದವರಿಗಿಂತ ಹಿಂದಿದ್ದರೆಂದು 2022ರ ವರದಿ ಹೇಳಿತು. ಎರಡಕ್ಕೂ ಹೆಸರು ಪ್ರೀ-ಸ್ಕೂಲ್, ಒಳಗೆ ನಡೆದದ್ದು ಬೇರೆ ಬೇರೆ. ಹಾಗಾಗಿ ಪ್ರೀ-ಸ್ಕೂಲ್ ಬೇಕೇ ಎಂದು ಕೇಳುವುದಕ್ಕಿಂತ, ಫೀಸು ಕಟ್ಟುವ ಶಾಲೆಯಲ್ಲಿ ದಿನವಿಡೀ ಏನು ನಡೆಯುತ್ತದೆ ಎಂದು ವಿಚಾರಿಸಿ.

ಪ್ರಶ್ನೆ: ನಮ್ಮ ನಿವಾಸಿಗಳ ಸಂಘ ಎರಡು ಅಂಗನವಾಡಿಗಳಿಗೆ ಕಲಿಕಾ ಕಿಟ್ ಕೊಟ್ಟು ಸ್ವಯಂಸೇವಕರನ್ನೂ ಕಳಿಸುತ್ತಿದೆ. ಜೂನ್‌ನಲ್ಲಿ ಅರ್ಧದಷ್ಟು ಮಕ್ಕಳು ಬಣ್ಣ ಗುರುತಿಸುತ್ತಿದ್ದರು, ಮಾರ್ಚ್‌ನಲ್ಲಿ ಹೆಚ್ಚುಕಮ್ಮಿ ಎಲ್ಲರೂ. ಇದನ್ನು ನಮ್ಮ ಯಶಸ್ಸೆಂದು ವಾರ್ಷಿಕ ವರದಿಗೆ ಹಾಕಬಹುದೆ?
— ಕಾರ್ಯದರ್ಶಿ, ಕೆಂಗೇರಿ ಉಪನಗರ

ಉತ್ತರ: ಸದ್ಯಕ್ಕೆ ಬೇಡ. ಜೂನ್‌ನಿಂದ ಮಾರ್ಚ್‌ಗೆ ಮಕ್ಕಳು ಒಂಬತ್ತು ತಿಂಗಳು ದೊಡ್ಡವರಾಗಿದ್ದಾರೆ. ಕಿಟ್ ಬಾರದಿದ್ದರೂ ಅವರಲ್ಲಿ ಬಹಳ ಮಂದಿ ಕೆಂಪು, ಹಸಿರು ಕಲಿಯುತ್ತಿದ್ದರು. ಮಳೆ ಬಂದ ವರ್ಷ ಬೆಳೆದ ಪೈರಿಗೆಲ್ಲ ನಮ್ಮ ಗೊಬ್ಬರವೇ ಕಾರಣ ಅಂದ ಹಾಗಾಗುತ್ತದೆ. ಕಿಟ್ ಸಿಗದ ಮಕ್ಕಳು ಅದೇ ಅವಧಿಯಲ್ಲಿ ಎಷ್ಟು ಕಲಿತರು ಎಂಬುದು ಗೊತ್ತಾದರೆ ಮಾತ್ರ ನಿಮ್ಮ ಪಾಲು ತಿಳಿಯುತ್ತದೆ.

ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಅಕ್ಷರ ಫೌಂಡೇಶನ್ ಇಂಥ ಹೋಲಿಕೆಯ ಪರೀಕ್ಷೆಗೆ ಧೈರ್ಯವಾಗಿ ಒಡ್ಡಿಕೊಂಡಿತ್ತು. ಅದರ ಶಾಲಾ ಗ್ರಂಥಾಲಯ ಯೋಜನೆಯನ್ನು ಅರ್ಥಶಾಸ್ತ್ರಜ್ಞರು ಲಾಟರಿ ಪದ್ಧತಿಯಲ್ಲಿ ಶಾಲೆಗಳನ್ನು ಆರಿಸಿ ಅಳೆದರು. 16 ತಿಂಗಳ ನಂತರವೂ ಭಾಷಾ ಪರೀಕ್ಷೆಯಲ್ಲಿ ಗ್ರಂಥಾಲಯ ಇದ್ದ ಶಾಲೆ, ಇಲ್ಲದ ಶಾಲೆಗಳ ನಡುವೆ ವ್ಯತ್ಯಾಸ ಕಾಣಲಿಲ್ಲ ಎಂದು 2012ರಲ್ಲಿ ಪ್ರಕಟಿಸಿದರು. ಹೋಲಿಕೆಯ ಶಾಲೆಗಳಿಲ್ಲದಿದ್ದರೆ ಅದೇ ಯೋಜನೆಯ ಬಗ್ಗೆ ಒಳ್ಳೆಯ ಫೋಟೊ, ಒಳ್ಳೆಯ ವರದಿ ಬರುತ್ತಿತ್ತು.

ಮುಂದಿನ ವರ್ಷ ಹೀಗೆ ಮಾಡಿ. ಕಿಟ್ ಬೇಕೆಂದ ಅಂಗನವಾಡಿಗಳ ಪಟ್ಟಿ ಮಾಡಿ, ಚೀಟಿ ಎತ್ತಿ ಅರ್ಧಕ್ಕೆ ಈ ವರ್ಷ, ಉಳಿದರ್ಧಕ್ಕೆ ಮರುವರ್ಷ ಕೊಡಿ. ಯಾರಿಗೂ ಅನ್ಯಾಯವಾಗದು, ಹೋಲಿಕೆಯೂ ಸಿಗುತ್ತದೆ. ಮಕ್ಕಳನ್ನು ಪರೀಕ್ಷಿಸುವವರು ಸಂಘದವರೂ ಆಗಬಾರದು, ಟೀಚರೂ ಆಗಬಾರದು. ಅಂಗನವಾಡಿಗೆ ಬಾರದೆ ಉಳಿದ ಮಕ್ಕಳನ್ನು ಲೆಕ್ಕದಿಂದ ಬಿಡಬೇಡಿ. ಈಗಿರುವ ಎರಡೇ ಕೇಂದ್ರ ಸಾಲದು: ಎರಡು ಕೇಂದ್ರ ಅಂದರೆ ಇಬ್ಬರೇ ಟೀಚರು; ಒಬ್ಬರ ಸಾಮರ್ಥ್ಯವೇ ಇಡೀ ಫಲಿತಾಂಶವಾಗಿಬಿಡಬಹುದು. ಈ ಸಲದ ವರದಿಯಲ್ಲಿ ಏನು ಕೊಟ್ಟೆವು, ಎಷ್ಟು ದಿನ ಬಳಕೆಯಾಯಿತು ಎಂದಷ್ಟೇ ಬರೆದರೆ ಯಾರೂ ಆಕ್ಷೇಪಿಸಲಾರರು.

ಪ್ರಶ್ನೆ: ಮೇಲಿನವರು ಬಂದರೆ ನೋಡುವುದು ಹಾಜರಿ, ತೂಕದ ರಿಜಿಸ್ಟರ್, ಪೋಷಣ್ ಟ್ರ್ಯಾಕರ್ ಆ್ಯಪ್‌ನ ಎಂಟ್ರಿ. ಶಾಲಾಪೂರ್ವ ಶಿಕ್ಷಣದ ಚಿಲಿಪಿಲಿ ಪುಸ್ತಕದ ಚಟುವಟಿಕೆ ಮಾಡಿಸಿದೆಯಾ ಅಂತ ಕೇಳುವವರೇ ಇಲ್ಲ. ನಮ್ಮನ್ನು ಅಳೆಯುವ ರೀತಿ ಇದೇನಾ?
— ಅಂಗನವಾಡಿ ಟೀಚರ್, ವಿಜಯನಗರ

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ (ಐಸಿಡಿಎಸ್) ಯೋಜನೆ ಶುರುವಾಯಿತು. ಅದರ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಊಟ, ಚುಚ್ಚುಮದ್ದು, ತೂಕ ಇವೆಲ್ಲ ರಿಜಿಸ್ಟರಿನಲ್ಲಿ ಅಂಕಿಯಾಗಿ ಕೂರುತ್ತವೆ, ಕಥೆ ಹೇಳಿದ್ದು ಕೂರುವುದಿಲ್ಲ. ಹಾಗಾಗಿ ತಪಾಸಣೆಯಲ್ಲಿ ಅದು ಕೈಬಿಟ್ಟುಹೋಗುತ್ತದೆ.

ಕಲಿಸಲು ಸಮಯ ಸಿಕ್ಕರೆ ಏನಾಗುತ್ತದೆ ಎಂದು ತಿಳಿಯಲು ಸಂಶೋಧಕರು ತಮಿಳುನಾಡಿನ 640 ಅಂಗನವಾಡಿಗಳಲ್ಲಿ ಲಾಟರಿಯಿಂದ ಆರಿಸಿದ ಕೇಂದ್ರಗಳಿಗೆ, ಕಲಿಸುವುದಕ್ಕೆಂದೇ ಅರ್ಧದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಕಲಿಕೆಯ ಸಮಯ ದುಪ್ಪಟ್ಟಾಯಿತು. ಭಾಷೆ, ಲೆಕ್ಕ ಎರಡೂ ಸುಧಾರಿಸಿದವು. ಮೊದಲಿದ್ದ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ಸಿಕ್ಕಿ ತೀವ್ರ ಅಪೌಷ್ಟಿಕತೆಯೂ ತಗ್ಗಿತು. ಬೆಂಗಳೂರಿನಲ್ಲಿ 2024ರ ಜುಲೈಯಲ್ಲಿ 250 ಅಂಗನವಾಡಿಗಳು ಸರ್ಕಾರಿ ಮಾಂಟೆಸ್ಸರಿಗಳಾದವು. ಅವುಗಳ ಬಗ್ಗೆಯೂ ಮೊದಲು ಕೇಳಬೇಕಾದದ್ದು ಇದೇ: ಬೋರ್ಡ್ ಬದಲಾದ ಮೇಲೆ ಕಲಿಸುವ ನಿಮಿಷ ಹೆಚ್ಚಾಯಿತೆ?

ಒಂದು ವಾರ ನೀವೇ ಬರೆದಿಡಿ: ಮಕ್ಕಳ ಜೊತೆ ಇಷ್ಟು ನಿಮಿಷ, ಬರವಣಿಗೆ ಮತ್ತು ಮೊಬೈಲಿಗೆ ಇಷ್ಟು. ಸರ್ಕಲ್ ಮೀಟಿಂಗಿನಲ್ಲಿ ಸೂಪರ್‌ವೈಸರ್ ಮುಂದೆ ಇಡಿ. ಹತ್ತು ಜನ ಟೀಚರು ಸೇರಿ ಇಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಮೊಮ್ಮಗನ ಯುಕೆಜಿ ರಿಪೋರ್ಟ್ ಕಾರ್ಡಿನಲ್ಲಿ ಲೆಕ್ಕಕ್ಕೆ ‘ಬಿ ಮೈನಸ್’. ಮನೆಯಲ್ಲಿ ಚೌಕಾಬಾರ ಆಡಿದರೆ ಒಂದು ಮನೆಯೂ ತಪ್ಪದೆ ಕಾಯಿ ನಡೆಸುತ್ತಾನೆ. ಯಾವುದನ್ನು ನಂಬಲಿ?
— ನಿವೃತ್ತ ಮೇಷ್ಟ್ರು, ರಾಜಾಜಿನಗರ

ಉತ್ತರ: ಚೌಕಾಬಾರವನ್ನೇ ನಂಬಿ. ಐದು ವರ್ಷದ ಮಗುವಿನ ಪರೀಕ್ಷೆಯಲ್ಲಿ ಹಿಂದಿನ ರಾತ್ರಿಯ ನಿದ್ದೆ, ಎದುರು ಕೂತವರ ಗುರುತು, ಪ್ರಶ್ನೆ ಕೇಳಿದ ಭಾಷೆ ಎಲ್ಲವೂ ಸೇರಿಕೊಂಡಿರುತ್ತವೆ. 2022ರ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಕೂಡ ಈ ವಯಸ್ಸಿನ ಮಕ್ಕಳಿಗೆ ಪರೀಕ್ಷೆ ಸಲ್ಲದು, ಮಗುವನ್ನೂ ಅದರ ಕೆಲಸವನ್ನೂ ನೋಡಿ ತಿಳಿಯಬೇಕು ಎಂದಿದೆ. ಶಾಲೆಗೆ ಹೋಗಿ ಜಗಳ ಆಡಬೇಡಿ. ಹುಡುಗ ಎಲ್ಲಿ ಎಡವಿದ, ಒಂದು ಉದಾಹರಣೆ ಹೇಳಿ ಎಂದು ಟೀಚರನ್ನು ಕೇಳಿ. ಹೇಳಿದರೆ ಮನೆಯಲ್ಲಿ ಆಡಿಸಿ ಸರಿಪಡಿಸಬಹುದು. ಹೇಳಲಾಗದಿದ್ದರೆ ಆ ಗ್ರೇಡನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಹುಡುಗನ ಕಿವಿಗಂತೂ ಹಾಕಲೇಬೇಡಿ.