ಪರಿಹಾರದ ಮೂಟೆ ಕಟ್ಟುವ ಮುನ್ನ

ಎಲ್ಲಾದರೂ ನೆರೆ ಬಂತು, ಗುಡ್ಡ ಕುಸಿಯಿತು ಎಂಬ ಸುದ್ದಿ ತಿಳಿದ ಕೂಡಲೇ ನಮ್ಮ ಮನೆಗಳಲ್ಲಿ ಕಪಾಟಿನ ಬಾಗಿಲು ತೆರೆಯುತ್ತದೆ. ಹಳೆಯ ಬಟ್ಟೆ, ಉಳಿದ ಮಾತ್ರೆ, ಹಾಲುಪುಡಿಯ ಡಬ್ಬಿ ಎಲ್ಲವೂ ಒಂದೇ ಚೀಲ ಸೇರಿ ಮಸೀದಿಯ ಅಂಗಳದಲ್ಲಿ ನಿಂತ ಲಾರಿಯನ್ನು ಹತ್ತುತ್ತವೆ. ಕೊಡುವವರ ಮನಸ್ಸಿನ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಚೀಲವನ್ನು ಬಿಚ್ಚುವ ಕಡೆ ಏನಾಗುತ್ತದೆ ಎಂಬುದನ್ನೂ ನಾವು ತಿಳಿದಿರಬೇಕು.

2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಯಿಂದ ಬಟ್ಟೆ ಬಂತು. ಅದರಲ್ಲಿ ಬಹಳಷ್ಟು ಯಾರ ಮೈಗೂ ಏರದೆ ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಹೀಗೆ ಉಳಿದ ಬಟ್ಟೆಯನ್ನು ಎತ್ತಿ ವಿಂಗಡಿಸಿದ ಸಂಸ್ಥೆ ದೆಹಲಿಯ ಗೂಂಜ್. ಅಂಶು ಗುಪ್ತಾ ಎಂಬವರು 1999ರಲ್ಲಿ ತಮ್ಮ ಮನೆಯ 67 ಉಡುಪುಗಳಿಂದ ಇದನ್ನು ಆರಂಭಿಸಿದರು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಉಡಲು ಬಾರದ ಹತ್ತಿ ಬಟ್ಟೆಯನ್ನು ಈ ಸಂಸ್ಥೆ ಎಸೆಯುವುದಿಲ್ಲ. ಅದನ್ನು ಒಗೆದು, ಒಣಗಿಸಿ, ಗುಂಡಿ, ಹುಕ್ಕುಗಳನ್ನು ತೆಗೆದು, ಅಳತೆಗೆ ಕತ್ತರಿಸಿ, ಮುಟ್ಟಿನ ದಿನಗಳಲ್ಲಿ ಬಳಸುವ ಪ್ಯಾಡ್ ಮಾಡುತ್ತದೆ. ಹುಕ್ಕು ತೆಗೆಯುವುದು ಸಣ್ಣ ಕೆಲಸವಲ್ಲ. ಹಳೆಯ ರವಿಕೆಯ ತುಂಡನ್ನು ಬಳಸಿದ ಹೆಂಗಸೊಬ್ಬಳು ಅದರಲ್ಲಿದ್ದ ತುಕ್ಕು ಹಿಡಿದ ಹುಕ್ಕಿನಿಂದ ಧನುರ್ವಾಯುವಾಗಿ ತೀರಿಕೊಂಡ ಸಂಗತಿಯನ್ನು ಗುಪ್ತಾ ಅನೇಕ ಕಡೆ ಹೇಳಿದ್ದಾರೆ.

ಪರಿಹಾರ ಶಿಬಿರದಲ್ಲಿ ಅಕ್ಕಿಗೆ ಜನ ಕೈಚಾಚುತ್ತಾರೆ, ಕಂಬಳಿಗೆ ಕೈಚಾಚುತ್ತಾರೆ. ಗಂಡಸರೇ ನಿಂತು ಸಾಮಾನು ಹಂಚುವ ಸಾಲಿನಲ್ಲಿ ಯಾವ ಹೆಣ್ಣುಮಗಳೂ ಪ್ಯಾಡ್ ಕೊಡಿ ಎಂದು ಕೇಳುವುದಿಲ್ಲ. ಕೇಳದೆ ಏನು ಮಾಡುತ್ತಾಳೆ? ಒದ್ದೆ ಬಟ್ಟೆಯಲ್ಲೇ ದಿನ ಕಳೆಯುತ್ತಾಳೆ. ತೊಡೆಸಂದಿನಲ್ಲಿ ಹುಣ್ಣು, ತುರಿಕೆ ಶುರುವಾಗುತ್ತದೆ. ಶೌಚಾಲಯ ದೂರ, ಕತ್ತಲೆ ಬೇರೆ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಉರಿಮೂತ್ರ ಬರುತ್ತದೆ. ಸಾಮಾನಿನ ಪಟ್ಟಿ ಬರೆಯುವ ನಮ್ಮ ಸಮಿತಿಗಳಲ್ಲಿ ಒಬ್ಬ ಹೆಂಗಸಾದರೂ ಇದ್ದರೆ ಈ ವಿಷಯ ಯಾರೂ ಹೇಳಿಕೊಡದೆಯೇ ಪಟ್ಟಿಗೆ ಸೇರುತ್ತದೆ.

ಆದ್ದರಿಂದ ಹೆಂಗಸರಿಗಾಗಿ ಬೇರೆಯೇ ಒಂದು ಚೀಲ ಕಟ್ಟಿ. ಅದರಲ್ಲಿ ಪ್ಯಾಡ್ ಅಥವಾ ಒಗೆದ ಮೆತ್ತನೆಯ ಹತ್ತಿ ಬಟ್ಟೆ, ಹೊಸ ಒಳ ಉಡುಪು, ಸಾಬೂನು, ಒಂದು ಮಗ್, ಬಟ್ಟೆ ಒಣಹಾಕಲು ಹಗ್ಗ, ಸಾಧ್ಯವಾದರೆ ಟಾರ್ಚು ಇರಲಿ. ಹಂಚುವ ಕೆಲಸವನ್ನು ಸಹೋದರಿಯರಿಗೇ ಬಿಡಿ. ಬಟ್ಟೆ ಬಳಸುವವರು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು, ಸಾಬೂನು ಹಾಕಿ ಒಗೆದು ಬಿಸಿಲಿನಲ್ಲೇ ಒಣಗಿಸಬೇಕು. ನಾಚಿಕೆಯಿಂದ ಮಂಚದಡಿ, ಮೂಲೆಯಲ್ಲಿ ಒಣಹಾಕಿದ ಬಟ್ಟೆಯಲ್ಲಿ ತೇವ ಉಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಅದರ ಮೇಲೆ ತೆಳುವಾದ ಇನ್ನೊಂದು ಬಟ್ಟೆ ಹೊದಿಸಿ ಬಿಸಿಲಿಗೆ ಹಾಕಿದರೆ ಮರೆಯೂ ಆಯಿತು, ಒಣಗಿದಂತೆಯೂ ಆಯಿತು.

ಇನ್ನು ಔಷಧಿ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ದಯವಿಟ್ಟು ಕಳುಹಿಸಬೇಡಿ. 1992ರಿಂದ 1996ರವರೆಗೆ ಯುದ್ಧದ ಬೊಸ್ನಿಯಾಕ್ಕೆ ದಾನವಾಗಿ ಬಂದ ಔಷಧಿಗಳಲ್ಲಿ ಸುಮಾರು 17,000 ಟನ್ ಯಾವ ಪ್ರಯೋಜನಕ್ಕೂ ಬಾರದೆ ಉಳಿದು, ಅದನ್ನು ವಿಲೇವಾರಿ ಮಾಡುವುದೇ ದೊಡ್ಡ ಖರ್ಚಾಯಿತು. ಒಬ್ಬ ರೋಗಿಗೆ ಕೊಟ್ಟು ಮರಳಿ ಬಂದ ಔಷಧಿ ಮತ್ತು ಉಚಿತ ಸ್ಯಾಂಪಲ್‌ಗಳನ್ನು ದಾನ ಮಾಡಬಾರದು, ತಲುಪಿದ ಮೇಲೂ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ಯುನಾನಿ ಶರಬತ್ತು, ಮಾಜೂನ್‌ಗಳಿಗೂ ಇದೇ ಮಾತು. ರೋಗಿಯ ಮಿಜಾಜ್ ನೋಡದೆ ಕೊಡುವಂಥದ್ದಲ್ಲ ಅವು. ಗಾಜಿನ ಬಾಟಲಿ ಲಾರಿಯಲ್ಲೇ ಒಡೆದು ಬಟ್ಟೆಯನ್ನೂ ಕೆಡಿಸುತ್ತದೆ. ಕಳುಹಿಸಲೇಬೇಕೆಂದರೆ ಶಿಬಿರದ ವೈದ್ಯರನ್ನು ಕೇಳಿ, ಅವರು ಹೇಳಿದ್ದನ್ನು ಅಂಗಡಿಯಿಂದ ಹೊಸದಾಗಿ ಕೊಂಡು ಕಳುಹಿಸಿ. ಓಆರ್‌ಎಸ್ ಪೊಟ್ಟಣವನ್ನು ಅವರು ಬೇಡವೆನ್ನುವುದು ಅಪರೂಪ.

ಹಾಲುಪುಡಿಯ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ಹಸಿದ ಕೂಸಿಗೆ ಹಾಲು ಕೊಡಬೇಡಿ ಎನ್ನುವುದು ಎಂಥ ಮಾತು ಎನ್ನುತ್ತಾರೆ. 2006ರ ಮೇ ತಿಂಗಳಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಭೂಕಂಪವಾದಾಗ ಹೀಗೇ ಹಾಲುಪುಡಿ ಹಂಚಲಾಯಿತು. ಆಮೇಲೆ ನಡೆಸಿದ ಸಮೀಕ್ಷೆಯಲ್ಲಿ, ದಾನದ ಪುಡಿ ಪಡೆದ ಎಳೆಯ ಮಕ್ಕಳಲ್ಲಿ ಶೇ. 25ರಷ್ಟು, ಪಡೆಯದವರಲ್ಲಿ ಶೇ. 11ರಷ್ಟು ಮಕ್ಕಳಿಗೆ ಭೇದಿಯಾಗಿದ್ದು ಕಂಡುಬಂತು. ಪುಡಿ ಕಲಸಲು ಶುದ್ಧ ನೀರಿಲ್ಲ, ಬಾಟಲಿ ಕುದಿಸಲು ಒಲೆಯಿಲ್ಲ. ಇತ್ತ ಎದೆಹಾಲು ಕುಡಿಸುವುದು ಕಡಿಮೆಯಾದಂತೆ ತಾಯಿಯ ಹಾಲೂ ಇಳಿಯುತ್ತದೆ. ಶಿಶುವಿನ ಹಾಲುಪುಡಿ ಮತ್ತು ಬಾಟಲಿಗಳನ್ನು ಹೀಗೆ ಜನರಿಗೆ ದಾನವಾಗಿ ಹಂಚುವುದನ್ನು ನಮ್ಮ ದೇಶದ 1992ರ ಕಾನೂನು ಕೂಡ ತಡೆಯುತ್ತದೆ. ಅನಾಥಾಲಯಗಳಿಗೆ ಮಾತ್ರ ವಿನಾಯಿತಿ. ಕೂಸಿನ ಹೊಟ್ಟೆ ತುಂಬಬೇಕೆಂದರೆ ಬಾಣಂತಿಗೆ ಊಟ, ಕುಡಿಯುವ ನೀರು, ಕುಳಿತು ಹಾಲೂಡಲು ಪರದೆಯ ಮರೆ ಕೊಡಿ. ತಾಯಿಯೇ ಇಲ್ಲದ ಕೂಸಿನ ವಿಷಯ ಬೇರೆ. ಅದನ್ನು ಶಿಬಿರದ ವೈದ್ಯರು ನೋಡಿಕೊಳ್ಳುತ್ತಾರೆ.

ಕೊನೆಗೆ ಲಾರಿಗೆ ಏರಿಸುವವರಿಗೆ ಒಂದು ಮಾತು. ಸಾಬೂನು, ಬ್ಲೀಚಿಂಗ್ ಪುಡಿ, ಫಿನಾಯಿಲ್‌ಗಳನ್ನು ಅಕ್ಕಿ, ಬೇಳೆ, ಬಿಸ್ಕತ್ತಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಹಾಕಬೇಡಿ. ಪೆಟ್ಟಿಗೆಯ ಹೊರಗೆ ಒಳಗಿರುವುದರ ಹೆಸರನ್ನು ದಪ್ಪ ಅಕ್ಷರದಲ್ಲಿ, ತಲುಪುವ ಊರಿನ ಭಾಷೆಯಲ್ಲಿ ಬರೆಯಿರಿ. ಹೆಂಗಸರ ಚೀಲಕ್ಕೆ ಬೇರೆ ಬಣ್ಣದ ದಾರ ಕಟ್ಟಿದರೆ ಸಾಕು, ಬಿಚ್ಚಿ ನೋಡದೆಯೇ ಸರಿಯಾದ ಕೈಗೆ ಸೇರುತ್ತದೆ.