ಕುಡಿಯುವ ನೀರಿನ ಬಾವಿಗೆ ಬ್ಲೀಚಿಂಗ್ ಪುಡಿ: ಎಷ್ಟು, ಯಾವಾಗ, ಹೇಗೆ?

ಮುಂಗಾರಿನ ಮೊದಲ ದೊಡ್ಡ ಮಳೆಯ ಮಾರನೆಯ ದಿನ ತೋಟದ ಮನೆಯ ಬಾವಿಯಲ್ಲಿ ಇಣುಕಿ ನೋಡಿದರೆ ನೀರು ಮೇಲೇರಿರುತ್ತದೆ, ಬಣ್ಣ ಕೆಂಪಾಗಿರುತ್ತದೆ. ನೀರೇರಿತೆಂದು ರೈತನಿಗೆ ಸಂತೋಷ. ಆದರೆ ಆ ನೀರಿನ ಒಂದು ಪಾಲು ತಿಪ್ಪೆಯ ಮಗ್ಗುಲಿನಿಂದ, ಕೊಟ್ಟಿಗೆಯ ಬಚ್ಚಲಿನಿಂದ, ಬೇಲಿಯ ಮರೆಯ ಬಯಲಿನಿಂದ ಹರಿದು ಬಂದದ್ದೆಂಬುದನ್ನು ಮರೆಯಬಾರದು. ಕಾಲರಾ, ವಾಂತಿಭೇದಿ, ವಿಷಮಶೀತ ಜ್ವರ, ಆಮಶಂಕೆ, ಕಾಮಾಲೆಯ ಕೆಲವು ಬಗೆಗಳು ಇವೆಲ್ಲವೂ ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಸಾಗುವ ರೋಗಗಳು. ಬಿತ್ತನೆಯ ವಾರದಲ್ಲಿ ಮನೆಯ ಇಬ್ಬರು ಹಾಸಿಗೆ ಹಿಡಿದರೆ ಭೂಮಿಯ ಹದ ಅವರಿಗಾಗಿ ಕಾಯುವುದಿಲ್ಲ. ಮನೆಯಲ್ಲಿ ಕೈಗೂಸು ಇದ್ದರಂತೂ ಮಾತು ಬೆಳೆಯ ನಷ್ಟಕ್ಕೆ ನಿಲ್ಲುವುದಿಲ್ಲ. ಎಳೆಯ ಮಗುವಿನ ಮೈಯ ನೀರು ಬತ್ತಿ ಪ್ರಾಣಕ್ಕೆ ಸಂಚಕಾರ ಬರಲು ಒಂದು ಹಗಲು, ಒಂದು ರಾತ್ರಿ ಸಾಕು.

ಇಂದು ಹಲವಾರು ಹಳ್ಳಿಗಳಿಗೆ ನಲ್ಲಿ ನೀರು ಬಂದಿದೆ. ಆದರೂ ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಊರಿನಿಂದ ದೂರವಿರುವ ತೋಟದ ಮನೆಗಳಲ್ಲಿ ತೆರೆದ ಬಾವಿಯೇ ಆಧಾರ. ಅಂಥ ಮನೆಗಳಲ್ಲಿ ಬ್ಲೀಚಿಂಗ್ ಪುಡಿಯ ಡಬ್ಬಿ ಇರುವುದೂ ಉಂಟು. ಇಲ್ಲದಿರುವುದು ಅದನ್ನು ಎಷ್ಟು ಹಾಕಬೇಕೆಂಬ ಲೆಕ್ಕ. ಒಬ್ಬರು ಒಂದು ಹಿಡಿ ಎರಚಿ ಕೈತೊಳೆದುಕೊಳ್ಳುತ್ತಾರೆ, ಮತ್ತೊಬ್ಬರು ಡಬ್ಬಿಯನ್ನೇ ಬೋರಲು ಹಾಕಿ ವಾರದವರೆಗೆ ನೀರನ್ನು ಬಾಯಿಗೆ ಇಡಲಾಗದಂತೆ ಮಾಡುತ್ತಾರೆ. ಮೊದಲನೆಯವರದೇ ಹೆಚ್ಚಿನ ಅಪಾಯ. ಔಷಧಿ ಹಾಕಿದೆವೆಂಬ ಧೈರ್ಯದಲ್ಲಿ ಅವರು ಕೆಟ್ಟ ನೀರನ್ನೇ ಕುಡಿಯುತ್ತಾರೆ.

ಪುಡಿ ಮಾಡುವ ಕೆಲಸ

ಶಾಲಾ ಪುಸ್ತಕಗಳಲ್ಲಿ ಚಲುವೆ ಪುಡಿ ಎಂದು ಕರೆಯುವ ಈ ವಸ್ತು ಸುಣ್ಣಕ್ಕೆ ಕ್ಲೋರಿನ್ ಅನಿಲವನ್ನು ಹೀರಿಸಿ ತಯಾರಿಸಿದ್ದು. ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದದ್ದು ಬಟ್ಟೆ ಬಿಳುಪು ಮಾಡುವುದಕ್ಕಾಗಿ. ನೀರಿನ ರೋಗಾಣುಗಳ ಮೇಲೆ ಇದರ ಉಪಯೋಗ ಬಹಳ ತಡವಾಗಿ ಬಂತು: 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದಲ್ಲಿ ವಿಷಮಶೀತ ಜ್ವರ ಹಬ್ಬಿದಾಗ ನೀರಿನ ಕೊಳವೆಗಳನ್ನು ಇದರಿಂದ ಶುದ್ಧಗೊಳಿಸಲಾಯಿತು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯ ನೀರಿಗೆ ಪ್ರತಿದಿನವೂ ಕ್ಲೋರಿನ್ ಸೇರಿಸುವ ಏರ್ಪಾಡಾಯಿತು.

ತಾಜಾ ಪುಡಿಯಲ್ಲಿ ನೂರಕ್ಕೆ 33 ಭಾಗದವರೆಗೆ ಕೆಲಸಕ್ಕೆ ಒದಗುವ ಕ್ಲೋರಿನ್ ಇರುತ್ತದೆ. ಗಾಳಿ, ಬೆಳಕು, ತೇವ ತಗುಲಿದಂತೆ ಅದು ಹಾರಿಹೋಗಿ ಕೊನೆಗೆ ಉಳಿಯುವುದು ಬರೀ ಸುಣ್ಣದಂಥ ಪುಡಿ. ಬಾಯಿ ತೆರೆದಿಟ್ಟ ಕಳೆದ ವರ್ಷದ ಚೀಲವನ್ನು ನಂಬಿ ಲೆಕ್ಕ ಹಾಕುವುದು ಮೊಳಕೆ ಪರೀಕ್ಷೆ ಮಾಡದ ಹಳೆಯ ಬೀಜವನ್ನು ಬಿತ್ತಿದಂತೆ. ಈ ಲೇಖನದ ಲೆಕ್ಕಗಳಲ್ಲಿ ನೂರಕ್ಕೆ 25 ಭಾಗ ಕ್ಲೋರಿನ್ ಇದೆಯೆಂದು ಇಟ್ಟುಕೊಂಡಿದೆ.

ನೀರಿಗೆ ಸೇರಿದ ಕ್ಲೋರಿನ್ ನೇರವಾಗಿ ರೋಗಾಣುಗಳ ಮೇಲೆಯೇ ಬೀಳುವುದಿಲ್ಲ. ಕೊಳೆತ ಎಲೆ, ಕೆಸರು, ಗೊಬ್ಬರದ ಸಾರ, ಮೂತ್ರದಿಂದ ಬಂದ ಅಮೋನಿಯಾ ಇವೆಲ್ಲವೂ ಮೊದಲು ತಮ್ಮ ಪಾಲನ್ನು ಕಸಿದುಕೊಳ್ಳುತ್ತವೆ. ಇದನ್ನು ನೀರಿನ ಕ್ಲೋರಿನ್ ಬೇಡಿಕೆ ಎನ್ನಬಹುದು. ಈ ಬೇಡಿಕೆ ತೀರಿದ ಮೇಲೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಬಿಡಿಯಾಗಿ ಉಳಿದು, ಕನಿಷ್ಠ ಒಂದು ಗಂಟೆ ನೀರಿನಲ್ಲಿದ್ದರೆ ಕೆಲಸ ಪೂರ್ಣವಾಯಿತೆಂದು ತಿಳಿಯಬೇಕು. ನೀರಿನ ಕ್ಷಾರಗುಣ ಹೆಚ್ಚಾಗಿ ರಸಸಾರ 8ನ್ನು ದಾಟಿದರೆ ಕ್ಲೋರಿನ್ನಿನ ಶಕ್ತಿ ಬಹಳ ಕುಗ್ಗುತ್ತದೆ. ಅಂಥ ಬಾವಿಗಳಲ್ಲಿ ಹೆಚ್ಚು ಹೊತ್ತು ಕಾಯುವುದು ಲೇಸು.

ಮೊದಲು ನೀರನ್ನು ಅಳೆಯಬೇಕು

ದುಂಡು ಬಾವಿಯಾದರೆ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಬೇಕು. ಬಂದದ್ದನ್ನು ನೀರಿನ ಆಳದಿಂದಲೂ, ಅನಂತರ 3.14ರಿಂದಲೂ ಗುಣಿಸಿ 4ರಿಂದ ಭಾಗಿಸಬೇಕು. ಬಂದ ಸಂಖ್ಯೆಯನ್ನು ಸಾವಿರದಿಂದ ಗುಣಿಸಿದರೆ ಲೀಟರು. ಚೌಕ ಬಾವಿಗೆ ಉದ್ದ, ಅಗಲ, ಆಳಗಳ ಗುಣಾಕಾರವೇ ಸಾಕು. ಕಲ್ಲು ಕಟ್ಟಿದ ಹಗ್ಗವನ್ನು ತಳ ಮುಟ್ಟುವವರೆಗೆ ಇಳಿಬಿಟ್ಟು, ಒದ್ದೆಯಾದ ಭಾಗವನ್ನು ಅಳೆದರೆ ನೀರಿನ ಆಳ ದೊರೆಯುತ್ತದೆ.

ಉದಾಹರಣೆಗೆ 3 ಮೀಟರ್ ಅಡ್ಡಳತೆಯ ಬಾವಿಯಲ್ಲಿ 4 ಮೀಟರ್ ನೀರಿದೆಯೆನ್ನೋಣ. 3×3×4×3.14 ಅಂದರೆ 113.04, ನಾಲ್ಕರಿಂದ ಭಾಗಿಸಿದರೆ 28.26, ಹೀಗೆ 28,260 ಲೀಟರ್ ನೀರು. ತಿಳಿಯಾದ ನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ಪುಡಿ ಎಂಬುದು ಬಹುಕಾಲದ ರೂಢಿ. ಆ ಲೆಕ್ಕದಂತೆ ಈ ಬಾವಿಗೆ ಬೇಕಾದದ್ದು ಸುಮಾರು 71 ಗ್ರಾಂ ಮಾತ್ರ.

ಮಳೆಗಾಲದ ಕದಡಿದ ನೀರಿಗೆ ಈ ಪ್ರಮಾಣ ಏನೂ ಸಾಲದು. ಆಗ ನೀರನ್ನೇ ಕೇಳಿ ಪ್ರಮಾಣ ಗೊತ್ತುಮಾಡುವ ಉಪಾಯವೆಂದರೆ ಹಾರಕ್ಸ್ ಪೆಟ್ಟಿಗೆ. ಬ್ರಿಟಿಷ್ ಸೇನೆಯ ವೈದ್ಯನಾದ ಹಾರಕ್ಸ್ ದಂಡಿನ ಬಳಕೆಗಾಗಿ ರೂಪಿಸಿದ ಈ ಪೆಟ್ಟಿಗೆಯಲ್ಲಿ 200 ಮಿಲಿಲೀಟರ್ ಹಿಡಿಯುವ ಆರು ಬಿಳಿ ಬಟ್ಟಲುಗಳು, ಒಳಗೆ ಗುರುತು ಹಾಕಿದ ಒಂದು ಕಪ್ಪು ಬಟ್ಟಲು, 2 ಗ್ರಾಂ ಹಿಡಿಯುವ ಚಮಚ, ಗಾಜಿನ ಕಡ್ಡಿಗಳು, ಪಿಷ್ಟ-ಅಯೊಡೈಡ್ ಸೂಚಕ ದ್ರಾವಣ ಇರುತ್ತವೆ. ಕಪ್ಪು ಬಟ್ಟಲಿನಲ್ಲಿ ಒಂದು ಮಟ್ಟಸ ಚಮಚ ಪುಡಿಯನ್ನು ಕಲಸಿ ಗುರುತಿನವರೆಗೆ ನೀರು ತುಂಬಿ ತಿಳಿಯಾಗಲು ಬಿಡಬೇಕು. ಬಿಳಿ ಬಟ್ಟಲುಗಳಲ್ಲಿ ಬಾವಿಯ ನೀರನ್ನು ತುಂಬಿ, ಪೆಟ್ಟಿಗೆಯ ಹನಿ ನಳಿಕೆಯಿಂದ ಮೊದಲನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು ಹನಿ ಬಿಟ್ಟು ಕಲಕಬೇಕು. ಅರ್ಧ ಗಂಟೆಯ ನಂತರ ಪ್ರತಿ ಬಟ್ಟಲಿಗೂ ಮೂರು ಹನಿ ಸೂಚಕ. ಮೊದಲು ಸ್ಪಷ್ಟವಾಗಿ ನೀಲಿಗಟ್ಟಿದ ಬಟ್ಟಲು ಮೂರನೆಯದಾದರೆ 455 ಲೀಟರ್ ನೀರಿಗೆ ಮೂರು ಚಮಚ, ಅಂದರೆ 6 ಗ್ರಾಂ ಪುಡಿ ಬೇಕೆಂದು ಅರ್ಥ. ಮೇಲಿನ ಬಾವಿಗೇ ಈ ಲೆಕ್ಕ ಹಾಕಿದರೆ ಸುಮಾರು 373 ಗ್ರಾಂ ಆಗುತ್ತದೆ. ರೂಢಿಯ ಲೆಕ್ಕದ ಐದು ಪಟ್ಟಿಗಿಂತ ಹೆಚ್ಚು! 71 ಗ್ರಾಂ ಹಾಕಿ ನಿಶ್ಚಿಂತೆಯಿಂದ ಮಲಗಿದವರ ಬಾವಿಯಲ್ಲಿ ಆ ರಾತ್ರಿ ರೋಗಾಣುಗಳ ಪಾಲಿಗೆ ಏನೂ ಉಳಿದಿರುವುದಿಲ್ಲ.

ಹಾಕುವ ಕ್ರಮ

ಸಂಜೆ ಕೊನೆಯ ಕೊಡ ಸೇದಿದ ಮೇಲೆ ಈ ಕೆಲಸ ಮಾಡುವುದು ಉತ್ತಮ. ರಾತ್ರಿಯಿಡೀ ಯಾರೂ ನೀರು ಸೇದುವುದಿಲ್ಲ, ಬಿಸಿಲಿಗೆ ಕ್ಲೋರಿನ್ ಹಾಳಾಗುವುದೂ ಇಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತೂಗಿದ ಪುಡಿಯನ್ನು ಸ್ವಲ್ಪ ನೀರಿನೊಡನೆ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಗಂಟುಗಳನ್ನು ಒಡೆದು, ಮುಕ್ಕಾಲು ಬಕೆಟ್ ನೀರು ಸೇರಿಸಿ ಚೆನ್ನಾಗಿ ಕದಡಬೇಕು. ಒಂದು ಬಕೆಟ್ಟಿಗೆ 100 ಗ್ರಾಂಗಿಂತ ಹೆಚ್ಚು ಪುಡಿ ಬೇಡ. ಐದು ಹತ್ತು ನಿಮಿಷದಲ್ಲಿ ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಳ್ಳಬೇಕು. ಗಸಿಯನ್ನು ಬಾವಿಗೆ ಸುರಿಯಕೂಡದು. ಅದರಿಂದ ನೀರು ಗಡುಸಾಗಿ ಬೇಳೆ ಬೇಯದು, ಸೋಪು ನೊರೆಗೂಡದು.

ತಿಳಿ ತುಂಬಿದ ಬಕೆಟ್ಟನ್ನು ಹಗ್ಗದಿಂದ ನೀರಿನ ಮಟ್ಟದ ಕೆಳಗೆ ಇಳಿಸಿ, ಮೇಲಕ್ಕೆ ಕೆಳಕ್ಕೆ, ಅತ್ತ ಇತ್ತ ಎಳೆದಾಡಬೇಕು. ದಂಡೆಯ ಮೇಲೆ ನಿಂತು ಸುರಿದುಬಿಟ್ಟರೆ ಔಷಧಿ ಒಂದೇ ಕಡೆ ನಿಲ್ಲುತ್ತದೆ. ಪುಡಿ ಕಲಸುವವರು ಗಾಳಿಗೆ ಬೆನ್ನುಮಾಡಿ ನಿಂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಔಷಧಿ ಹಾಕಿದ ಬಾವಿಗೆ ಯಾವ ಕಾರಣಕ್ಕೂ ಇಳಿಯಬಾರದು.

ಬೆಳಿಗ್ಗೆ ಬಿಡಿ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಹಿಂದೆ ಹಳದಿ ಬಣ್ಣ ತೋರಿಸುವ ಆರ್ಥೊಟಾಲಿಡಿನ್ ದ್ರಾವಣ ಎಲ್ಲೆಡೆ ಬಳಕೆಯಲ್ಲಿತ್ತು. ಅದು ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವುದರಿಂದ ಗುಲಾಬಿ ಬಣ್ಣ ತೋರಿಸುವ ಡಿಪಿಡಿ ಮಾತ್ರೆಯೇ ಲೇಸು. ಬಣ್ಣವನ್ನು ಪಟ್ಟಿಗೆ ಹೋಲಿಸಿದಾಗ 0.5ಕ್ಕಿಂತ ಕಡಿಮೆಯಿದ್ದರೆ ಔಷಧಿಯನ್ನು ಮತ್ತೆ ಹಾಕತಕ್ಕದ್ದು. ಸುತ್ತಮುತ್ತ ವಾಂತಿಭೇದಿ ಕಾಣಿಸಿಕೊಂಡಿರುವಾಗ ಇದು ದಿನನಿತ್ಯದ ಕೆಲಸವಾಗಬೇಕು.

ನೆರೆ ನುಗ್ಗಿದ ಬಾವಿಗೆ ತೀವ್ರ ಉಪಚಾರ

ನೆರೆಯ ನೀರು ನುಗ್ಗಿದ, ದನ ಅಥವಾ ನಾಯಿ ಬಿದ್ದು ಸತ್ತ, ಹೊಸದಾಗಿ ತೋಡಿದ ಇಲ್ಲವೇ ಹೂಳೆತ್ತಿದ ಬಾವಿಗಳ ಸಂಗತಿ ಬೇರೆ. ಮೊದಲು ಕೊಳೆ ನೀರನ್ನು ಹೊರಹಾಕಿ, ಗೋಡೆಯನ್ನು ತಿಕ್ಕಿ ತೊಳೆಸಿ, ಹೊಸ ನೀರು ಊರಿದ ಮೇಲೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ದೊರೆಯುವಂತೆ ಔಷಧಿ ಕೊಡಬೇಕು. ಡೀಸೆಲ್ ಎಂಜಿನ್ನನ್ನು ಬಾವಿಯ ಒಳಗಿಳಿಸಿ ನೀರೆತ್ತುವ ಸಾಹಸ ಸಲ್ಲದು. ಅದರ ಹೊಗೆ ಕೆಳಗಿರುವವರ ಉಸಿರು ನಿಲ್ಲಿಸುತ್ತದೆ. ಮೇಲೆ ಹೇಳಿದ ಬಾವಿ ಮೊದಲಿನಷ್ಟೇ ತುಂಬಿದ್ದರೆ ಈ ಲೆಕ್ಕಕ್ಕೆ ಸುಮಾರು 5.65 ಕಿಲೋಗ್ರಾಂ ಪುಡಿ ಬೇಕಾಗುತ್ತದೆ. ಬಕೆಟ್ಟಿಗೆ ಅರ್ಧ ಕಿಲೋದಂತೆ ಕದಡಿ, ತಿಳಿಯನ್ನು ಬಾವಿಗೆ ಸೇರಿಸಿ, ವಾಸನೆ ಬರುವವರೆಗೆ ಪಂಪು ಓಡಿಸಿ ಕೊಳವೆ, ತೊಟ್ಟಿಗಳಿಗೂ ಆ ನೀರು ತುಂಬುವಂತೆ ಮಾಡಿ, 12ರಿಂದ 24 ಗಂಟೆ ಹಾಗೆಯೇ ಬಿಡಬೇಕು. ಅಷ್ಟು ಹೊತ್ತು ಆ ನೀರನ್ನು ಜನರಾಗಲಿ ದನಗಳಾಗಲಿ ಕುಡಿಯಕೂಡದು. ಅನಂತರ ವಾಸನೆ ಹೋಗುವವರೆಗೆ ನೀರನ್ನು ಹೊರಹಾಕಿ ಬೀಳು ನೆಲಕ್ಕೆ ಹರಿಸಬೇಕು. ಸಸಿಮಡಿಗಾಗಲಿ ಮೀನಿನ ಹೊಂಡಕ್ಕಾಗಲಿ ಬಿಡಬಾರದು.

ಕೊಳವೆ ಬಾವಿಗೂ ಇದೇ ನಿಯಮ. ಆರೂವರೆ ಇಂಚಿನ ಕೊಳವೆಯಲ್ಲಿ ಮೀಟರಿಗೆ ಸುಮಾರು 21 ಲೀಟರ್ ನೀರಿರುತ್ತದೆ. 100 ಮೀಟರ್ ನೀರು ನಿಂತಿದ್ದರೆ 420 ಗ್ರಾಂ ಪುಡಿಯ ತಿಳಿ ಸಾಕು.

ಎರಡು ಮಡಕೆಯ ಉಪಾಯ

ಹತ್ತು ಹನ್ನೆರಡು ಜನ ಬಳಸುವ ಸಣ್ಣ ಬಾವಿಗೆ ನಿತ್ಯ ಔಷಧಿ ಹಾಕುವುದು ತ್ರಾಸದ ಕೆಲಸ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಇದಕ್ಕೆಂದು ಜೋಡು ಮಡಕೆಯ ವಿಧಾನವನ್ನು ರೂಪಿಸಿದೆ. 1 ಕಿಲೋ ಪುಡಿಯನ್ನು 2 ಕಿಲೋ ದಪ್ಪ ಮರಳಿನೊಡನೆ ತೇವಮಾಡಿ ಬೆರೆಸಿ ಒಳಮಡಕೆಗೆ ತುಂಬಬೇಕು. ಮಿಶ್ರಣದ ಮೇಲ್ಮಟ್ಟಕ್ಕಿಂತ 3 ಸೆಂಟಿಮೀಟರ್ ಮೇಲೆ ಒಳಮಡಕೆಗೂ, ತಳದಿಂದ 4 ಸೆಂಟಿಮೀಟರ್ ಮೇಲೆ ಹೊರಮಡಕೆಗೂ 1 ಸೆಂಟಿಮೀಟರ್ ಅಗಲದ ಒಂದೊಂದು ತೂತು. ಒಂದರೊಳಗೊಂದು ಇಟ್ಟು, ಹೊರಮಡಕೆಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಸೇದುವ ಕೊಡ ತಾಗದಂತೆ ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ ಇಳಿಬಿಟ್ಟರೆ ಕ್ಲೋರಿನ್ ನಿಧಾನವಾಗಿ ಜಿನುಗುತ್ತದೆ. 4,500 ಲೀಟರ್ ನೀರಿದ್ದು ದಿನಕ್ಕೆ 360ರಿಂದ 450 ಲೀಟರ್ ಸೇದುವ ಬಾವಿಗೆ ಇದು ಎರಡು ಮೂರು ವಾರ ಬರುತ್ತದೆ. ಊರ ಕುಂಬಾರರಿಂದಲೇ ಮಡಕೆ ಮಾಡಿಸಿಕೊಳ್ಳಬಹುದಾದ ಇಂಥ ಅಗ್ಗದ ಸಾಧನ ಇಷ್ಟು ಕಡಿಮೆ ಬಳಕೆಯಲ್ಲಿರುವುದು ವಿಷಾದದ ಸಂಗತಿ.

ಕ್ಲೋರಿನ್ನಿನಿಂದ ಆಗದ ಕೆಲಸ

ಫ್ಲೋರೈಡ್, ನೈಟ್ರೇಟ್, ಕೀಟನಾಶಕದ ಅಂಶ ಇವು ಯಾವುವೂ ಬ್ಲೀಚಿಂಗ್ ಪುಡಿಯಿಂದ ಹೋಗುವುದಿಲ್ಲ. ಪಾವಗಡ, ಮುಂಡರಗಿಯಂಥ ಫ್ಲೋರೈಡ್ ಪೀಡಿತ ತಾಲ್ಲೂಕುಗಳ ರೈತರು ಇದನ್ನು ಮುಖ್ಯವಾಗಿ ಗಮನಿಸಬೇಕು. ಬಾವಿಕಟ್ಟೆಯ ಮೇಲೆ ಸಿಂಪರಣಾ ಯಂತ್ರ ತೊಳೆಯುವ ಅಭ್ಯಾಸಕ್ಕೂ ಕ್ಲೋರಿನ್ ಪರಿಹಾರವಲ್ಲ. ಬಾವಿಯಿಂದ ಕಕ್ಕಸಿನ ಗುಂಡಿಗೂ ತಿಪ್ಪೆಗೂ ಕನಿಷ್ಠ 15 ಮೀಟರ್ ಅಂತರ, ಸುತ್ತ ಮುಕ್ಕಾಲು ಮೀಟರ್ ಎತ್ತರದ ಕಟ್ಟೆ, ಇಳಿಜಾರಿನ ಗಾರೆ ನೆಲ ಇದ್ದರೆ ಪುಡಿಯ ಖರ್ಚೂ ಉಳಿಯುತ್ತದೆ. ಮೆಟ್ಟಿಲುಬಾವಿಗಳಿಂದ ನಾರು ಹುಣ್ಣು ಹರಡುತ್ತಿದ್ದುದು ಹಿರಿಯರ ನೆನಪಿನಲ್ಲಿರಬಹುದು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದ್ದು, ನೀರನ್ನು ಬಟ್ಟೆಯಲ್ಲಿ ಸೋಸಿದ್ದು, ಔಷಧಿ ಹಾಕಿದ್ದು ಎಲ್ಲವೂ ಕೂಡಿ ದೇಶದ ಕೊನೆಯ ನಾರು ಹುಣ್ಣಿನ ರೋಗಿ 1996ರಲ್ಲಿ ಕಂಡುಬಂದ ಮೇಲೆ, 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು.

ಸೊಳ್ಳೆ ಮರಿಗಳನ್ನು ತಿನ್ನಲೆಂದು ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಟ್ಟಿರುವ ಬಾವಿಗಳು ಅನೇಕ. ಕ್ಲೋರಿನ್ನಿಗೆ ಮೀನು ಬೇಗ ಸಾಯುತ್ತದೆ. ಸತ್ತ ಮೀನು ತೇಲಿದ್ದನ್ನು ಕಂಡು, ನೀರಿಗೆ ವಿಷ ಬಿತ್ತೆಂದು ಹೆದರಿ ಔಷಧಿ ಹಾಕುವುದನ್ನೇ ನಿಲ್ಲಿಸುವ ಮನೆಗಳುಂಟು. ಮೀನಿಗೆ ಕಿವಿರಿನ ಮೂಲಕ ಹಗಲಿರುಳೂ ಆ ನೀರಿನಲ್ಲೇ ಉಸಿರಾಟ. ಮನುಷ್ಯನ ಹೊಟ್ಟೆಗೆ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ನಿನಿಂದ ಕೇಡಿಲ್ಲ. ಕುಡಿಯುವ ಬಾವಿಗೆ ಮೀನಿನ ಬದಲು ಸೊಳ್ಳೆ ನುಸುಳದ ಸಣ್ಣ ಬಲೆಯ ಮುಚ್ಚಿಗೆ ಹಾಕಿಸುವುದು ಮೇಲು.

ಉಳಿದ ಪುಡಿಯನ್ನು ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಂಪಾದ ಕತ್ತಲೆ ಮೂಲೆಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಗೊಬ್ಬರದ ಕೋಣೆ ಅದಕ್ಕೆ ಜಾಗವಲ್ಲ. ಯೂರಿಯಾ ಅಥವಾ ಅಮೋನಿಯಂ ಗೊಬ್ಬರದೊಡನೆ ಬೆರೆತರೆ ಸಿಡಿಯುವ ವಸ್ತು ಹುಟ್ಟಬಹುದು, ಎಣ್ಣೆ ತಗುಲಿದರೆ ಬೆಂಕಿ ಏಳಬಹುದು, ಹನಿ ನೀರಾವರಿ ಕೊಳವೆ ತೊಳೆಯಲು ತಂದ ಆಮ್ಲ ಸೇರಿದರೆ ವಿಷಾನಿಲ ಏಳುತ್ತದೆ.

ಔಷಧಿ ಹಾಕಿದ ನೀರನ್ನು ರೈಜೋಬಿಯಂ, ಟ್ರೈಕೊಡರ್ಮದಂಥ ಜೀವಾಣುಗಳ ಬೀಜೋಪಚಾರಕ್ಕೆ ಕೂಡಲೇ ಬಳಸಬಾರದು. ರೋಗಾಣುವನ್ನು ಕೊಲ್ಲುವ ಕ್ಲೋರಿನ್ನಿಗೆ ಉಪಕಾರಿ ಜೀವಾಣುವಿನ ಗುರುತಿಲ್ಲ. ಬೀಜೋಪಚಾರಕ್ಕೆ ಬೇಕಾದ ನೀರನ್ನು ಔಷಧಿ ಹಾಕುವ ಮೊದಲೇ ಸೇದಿಟ್ಟುಕೊಳ್ಳಬೇಕು. ಇಲ್ಲವಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಬಿಸಿಲಿಗಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಬಳಸಬಹುದು.